ಬೈಪೋಲಾರ್ ಜೊತೆ ಮತ್ತೆ ಕಾಲೇಜಿಗೆ: ನಿಮಗೆ ಏನು ಕೆಲಸಕ್ಕೆ ಬಂತು?

ಪ್ರಶ್ನೆ:
ನನಗೆ 20 ವರ್ಷ. ಮೇನಿಯಾ (ಮನಸ್ಸು, ಹುರುಪು ವಿಪರೀತ ಮೇಲೇರುವ ಸ್ಥಿತಿ) ಜೋರಾಗಿ ಆಸ್ಪತ್ರೆ ಸೇರಿದ್ದೆ. ಬೈಪೋಲಾರ್ ಅಂದರು, ಮನಸ್ಸು ಒಮ್ಮೆ ಹೀಗೆ ಮೇಲೇರಿ ಇನ್ನೊಮ್ಮೆ ಕೆಳಗಿಳಿಯುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ಶುರು ಮಾಡಿದ್ದಾರೆ. ಮುಂದಿನ ತಿಂಗಳಿಂದ ಮತ್ತೆ ಹಾಸ್ಟೆಲ್, ಕಾಲೇಜು. ಇದೇ ವಯಸ್ಸಿನಲ್ಲಿ ಇದನ್ನು ನಿಭಾಯಿಸಿದವರು ಇದ್ದರೆ ಹೇಳಿ. "ಧೈರ್ಯವಾಗಿರು" ಅನ್ನುವುದು ಬೇಡ, ಅದು ಆಗಲೇ ಬೇಕಾದಷ್ಟು ಸಿಕ್ಕಿದೆ.

ಉತ್ತರ:
ನನಗೂ ಕಾಲೇಜಿನಲ್ಲೇ ಶುರುವಾಗಿದ್ದು. ಒಂದೇ ವಿಷಯ ಹೇಳಿ ಅಂದರೆ ನಿದ್ದೆ ಅಂತೀನಿ. ಮಲಗಿದ ತಕ್ಷಣ ನಿದ್ದೆ ಬರುವುದು ನಮ್ಮ ಕೈಯಲ್ಲಿಲ್ಲ, ಏಳುವುದು ಇದೆ. ರಜೆಯಿರಲಿ, ಪರೀಕ್ಷೆಯಿರಲಿ, ಏಳುವ ಹೊತ್ತು ಬದಲಾಗಬಾರದು. ರಾತ್ರಿಯಿಡೀ ಕೂತು ಓದುವುದಂತೂ ಬೇಡವೇ ಬೇಡ. ನಿದ್ದೆಗೆಟ್ಟರೆ ಮೇನಿಯಾಗೆ ಅಷ್ಟೇ ಸಾಕಾಗಬಹುದು.

ನಿದ್ದೆ ಬಾರದೆ ಮರುದಿನ ತೂಕಡಿಸಿದರೆ ಅದು ಎಲ್ಲರಿಗೂ ಆಗುವಂಥದ್ದು. ಮೂರು ಗಂಟೆ ಮಲಗಿಯೂ ಸುಸ್ತೇ ಇಲ್ಲ, ಮೈತುಂಬ ಹುರುಪು ಅಂದರೆ ಎಚ್ಚರ. ನನ್ನ ಉಳಿದ ಸೂಚನೆಗಳು: ನಡುರಾತ್ರಿ ಎಲ್ಲರಿಗೂ ಉದ್ದುದ್ದ ವಾಯ್ಸ್ ಮೆಸೇಜ್, ದಿನಕ್ಕೊಂದು ಹೊಸ ಪ್ಲಾನ್, ಯಾರು ಮಾತಾಡಿದರೂ ತೀರಾ ನಿಧಾನ ಅನ್ನಿಸಿ ಸಿಟ್ಟು. ಇದನ್ನೆಲ್ಲ ಚೆನ್ನಾಗಿದ್ದಾಗಲೇ ಬರೆದು ಅಕ್ಕನಿಗೆ ಕೊಟ್ಟಿದ್ದೇನೆ. ಇದರಲ್ಲಿ ಎರಡು ಕಂಡರೆ ಅವಳು ನನ್ನನ್ನು ಕೇಳದೆಯೇ ಡಾಕ್ಟರಿಗೆ ಫೋನ್ ಮಾಡಬಹುದು. ಎಟಿಎಂ ಕಾರ್ಡೂ ಅವಳ ಕೈಗೆ. ಮೇಲೇರುವಾಗ ನಮ್ಮಲ್ಲಿ ಏನೂ ತಪ್ಪು ಕಾಣುವುದಿಲ್ಲ, ಅದಕ್ಕೇ ಈ ಮಾತು ಮೊದಲೇ ಆಗಿರಬೇಕು. ಜಗಳ ಆಗುವುದಿಲ್ಲ ಅಂತಲ್ಲ. ಆದರೆ ಅವಳು ಆ ಹಾಳೆ ತೋರಿಸುತ್ತಾಳೆ, ಅಕ್ಷರ ನನ್ನದೇ!

ಇನ್ನೊಬ್ಬರು:
ನಿದ್ದೆ ಬಗ್ಗೆ ಅವರು ಹೇಳಿದ್ದು ಸರಿ. ನಾನು ಲಿಥಿಯಂ ಬಗ್ಗೆ ಹೇಳುತ್ತೇನೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡುವ ಪರೀಕ್ಷೆಯನ್ನು ಸಾಮಾನ್ಯವಾಗಿ ಹಿಂದಿನ ಮಾತ್ರೆ ತೆಗೆದುಕೊಂಡು 12 ಗಂಟೆ ಆದಮೇಲೆ ಮಾಡುತ್ತಾರೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲಾಂದ್ರೆ ಲೆಕ್ಕ ತಪ್ಪು ಬರುತ್ತದೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು. ವಾಂತಿ, ಭೇದಿ ಆಗಿ ಮೈಯಲ್ಲಿ ನೀರು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯಿಂದಲೂ ಏರುತ್ತದೆ, ಕೇಳದೆ ನುಂಗಬೇಡಿ. ಡಯಟ್ ಅಂತ ಏಕಾಏಕಿ ಉಪ್ಪು ಬಿಡಬೇಡಿ. ಕೈ ಸ್ವಲ್ಪ ನಡುಗುವುದು ಎಷ್ಟೋ ಜನರಿಗೆ ಇರುತ್ತದೆ. ಆದರೆ ನಡುಕ ಜಾಸ್ತಿಯಾದರೆ, ನಡಿಗೆ ತೂರಾಡಿದರೆ ಅಥವಾ ಮಾತು ತೊದಲಿದರೆ ಲಿಥಿಯಂ ಅತಿಯಾಗಿರಬಹುದು, ಕಾಯಬಾರದು, ತಕ್ಷಣ ಆಸ್ಪತ್ರೆಗೆ.

ಹಳೇ ಔಷಧ ಅಂತ ಮೂಗು ಮುರಿಯುವವರು ಸಿಗುತ್ತಾರೆ. ಹಳೆಯದು ಹೌದು, ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಮೇನಿಯಾಗೆ ಇದನ್ನು ಕೊಟ್ಟು ವರದಿ ಮಾಡಿದ್ದು 1949ರಲ್ಲಿ. ಇವತ್ತಿಗೂ ಡಾಕ್ಟರುಗಳು ಇದನ್ನೇ ಬರೆಯುತ್ತಾರೆ ಅಂದರೆ ಸುಮ್ನೆ ಅಲ್ಲ.

ಮತ್ತೊಬ್ಬರು:
ನನ್ನದು ಸ್ಕಿಜೋಫ್ರೇನಿಯಾ, ಬೇರೆ ಮಾನಸಿಕ ಕಾಯಿಲೆ, ಆದರೂ ಕೆಲವು ಮಾತು ನಿಮಗೂ ಹೊಂದಬಹುದು. ಕಾಯಿಲೆ ವಿಷಯ ಎಲ್ಲರಿಗೂ ಹೇಳಬೇಕಿಲ್ಲ. ತುಂಬ ಹತ್ತಿರದ ಇಬ್ಬರಿಗೆ ಪೂರ್ತಿ ಗೊತ್ತು, ಉಳಿದವರಿಗೆ "ಆರೋಗ್ಯ ಸರಿಯಿರಲಿಲ್ಲ" ಅಷ್ಟೇ. ಮೊದಲ ಸೆಮಿಸ್ಟರ್‌ನಲ್ಲಿ ಕಮ್ಮಿ ವಿಷಯ ತೆಗೆದುಕೊಂಡೆ. ಮಾತ್ರೆಯಿಂದ ತೂಕ ಏರಿತು. ಡಾಕ್ಟರ ಹತ್ತಿರ ಪಟ್ಟು ಹಿಡಿದು ಕೇಳಿದೆ, ಬೇರೆ ಮಾತ್ರೆಗೆ ಬದಲಾಯಿಸಿದರು. ಗಾಂಜಾ ಬೇಡ, "ಒಂದೇ ಸಲ" ಅಂದರೂ ಬೇಡ.

ಕೆಳಗಿಳಿಯುವ ದಿನಗಳಿಗೂ ಒಂದು ಹಾಳೆ ಬರೆದಿಡಿ. ಸಾಯುವ ಯೋಚನೆ ಬಂದರೆ ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ರಾತ್ರಿ ಯಾವ ಆಸ್ಪತ್ರೆ. ಅಂಥ ದಿನಗಳಲ್ಲಿ ನನ್ನ ಮಾತ್ರೆಗಳೆಲ್ಲ ಅಮ್ಮನ ಹತ್ತಿರ ಇರುತ್ತವೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಾಳೆ ಇವತ್ತೇ ಬರೆಯುತ್ತೇನೆ. ಆದರೆ ನನ್ನ ರೂಮ್‌ಮೇಟ್ ರಾತ್ರಿ ಎರಡರವರೆಗೆ ಲೈಟ್ ಹಾಕಿಕೊಂಡೇ ಓದುತ್ತಾಳೆ, ಏನು ಮಾಡಲಿ?

ಮೊದಲು ಉತ್ತರಿಸಿದವರು:
ಕಣ್ಣಿಗೆ ಪಟ್ಟಿ, ಕಿವಿಗೆ ಇಯರ್‌ಪ್ಲಗ್, ಅವಳಿಗೊಂದು ಟೇಬಲ್ ಲ್ಯಾಂಪ್. ಆಗಲಿಲ್ಲವಾ, ಡಾಕ್ಟರ ಚೀಟಿ ತೋರಿಸಿ ವಾರ್ಡನ್ ಹತ್ತಿರ ಬೇರೆ ರೂಮ್ ಕೇಳಿ. "ನಿದ್ದೆಯ ತೊಂದರೆ ಇದೆ" ಅಂತ ಬರೆದರೆ ಸಾಕು, ಕಾಯಿಲೆ ಹೆಸರು ಬೇಕಿಲ್ಲ.