ಮಕ್ಕಳಾದ ಮೇಲೆ ಮತ್ತೆ ಕಾಲೇಜಿಗೆ ಸೇರಿದವರು ಇದ್ದೀರಾ?

ಪ್ರಶ್ನೆ: ನನಗೆ 36. ಮಕ್ಕಳಿಗೆ 9 ಮತ್ತು 4. ಡಿಗ್ರಿ ಎರಡು ವರ್ಷ ಮುಗಿಸಿ ನಿಂತುಹೋಗಿತ್ತು. ಈಗ ಪೂರ್ತಿ ಮಾಡಬೇಕು ಅಂತ ಆಸೆ. ಕೆಲಸ ಬಿಟ್ಟು ರೆಗ್ಯುಲರ್ ಸೇರಲೋ, ದೂರಶಿಕ್ಷಣದಲ್ಲಿ ಮಾಡಲೋ? ಹಳೇ ಎರಡು ವರ್ಷ ಲೆಕ್ಕಕ್ಕೆ ಬರುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಾಲ್ಕು ಗಂಟೆ ಅಲಾರಂ: 41ಕ್ಕೆ ಸೇರಿದೆ, 47ಕ್ಕೆ ಮುಗಿಸಿದೆ. ಮೂರು ವರ್ಷದ ಕೋರ್ಸಿಗೆ ಆರು ವರ್ಷ. ದೂರಶಿಕ್ಷಣವೇ ಸರಿ, ಕೆಲಸ ಬಿಡಬೇಡಿ. ಬೆಳಗಿನ ಜಾವ ನಾಲ್ಕರಿಂದ ಆರು, ನನ್ನ ಪಾಲಿಗೆ ಸಿಕ್ಕ ಹೊತ್ತು ಅಷ್ಟೇ. ಎರಡನೇ ವರ್ಷ ಸಂಖ್ಯಾಶಾಸ್ತ್ರ ಪರೀಕ್ಷೆಯ ಹಿಂದಿನ ರಾತ್ರಿ ಮಗನಿಗೆ 103 ಜ್ವರ. ಹಾಲ್ ಟಿಕೆಟ್ ಬ್ಯಾಗಿನಲ್ಲೇ ಉಳಿಯಿತು. ಮುಂದಿನ ಪರೀಕ್ಷೆಗೆ ಒಂದು ವರ್ಷ ಕಾದೆ. ಅಷ್ಟರಲ್ಲಿ ಸಿಲಬಸ್ ಬದಲಾಯಿತು. ಐದು ಘಟಕಗಳಲ್ಲಿ ಮೂರು ಹೊಸವು. ಕೈಯಲ್ಲಿ ಬರೆದ ನೋಟ್ಸ್ 140 ಪುಟ, ಅದರಲ್ಲಿ 90 ಪುಟ ದಂಡ. ಅಸೈನ್‌ಮೆಂಟ್ ಮತ್ತೆ ಬರೆದೆ, ಪರೀಕ್ಷಾ ಶುಲ್ಕ ಮತ್ತೆ ಕಟ್ಟಿದೆ. ಆ ಒಂದು ಜ್ವರ ಒಂದೂವರೆ ವರ್ಷ ತಿಂದುಹಾಕಿತು.

ಕೊನೇ ಬೆಂಚು: ಆರು ವರ್ಷ ಎಳೆಯೋ ತಾಳ್ಮೆ ನನಗಿರಲಿಲ್ಲ. ರಾಜೀನಾಮೆ ಕೊಟ್ಟೆ, ರೆಗ್ಯುಲರ್ ಸೇರಿದೆ, ಎರಡೇ ವರ್ಷಕ್ಕೆ ಮುಗಿಸಿದೆ. ಒಂದು ಗಂಟೆ ಪಾಠಕ್ಕೆ ಮನೆಯಲ್ಲಿ ಎರಡು ಗಂಟೆ ಓದು ಅಂತ ಲೆಕ್ಕ ಇದೆಯಲ್ಲ, ಅದು ಸುಮ್ನೆ ಹೇಳೋ ಮಾತಲ್ಲ. ವಾರಕ್ಕೆ 15 ಗಂಟೆ ಕ್ಲಾಸ್ ಅಂದ್ರೆ ಒಟ್ಟು 45 ಗಂಟೆ. ಅದೇ ಒಂದು ಪೂರ್ತಿ ನೌಕರಿ. ಅದರ ಜೊತೆ ಇನ್ನೊಂದು ನೌಕರಿ, ಮೇಲೆ ಎರಡು ಮಕ್ಕಳು ಅಂದ್ರೆ ಆಗಲ್ಲ.

ಯಾರೂ ಹೇಳದ ಇನ್ನೊಂದು ಕಷ್ಟ ಕೈಯದು. ಹನ್ನೆರಡು ವರ್ಷ ಕೀಬೋರ್ಡ್ ಕುಟ್ಟಿದ ಕೈಗೆ ಮೂರು ಗಂಟೆ ಪೆನ್ ಹಿಡಿಯೋಕೆ ಆಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದೂವರೆ ಗಂಟೆಗೇ ಹೆಬ್ಬೆರಳ ಬುಡ ಸೆಟೆದುಕೊಂಡಿತು. ಉತ್ತರ ಗೊತ್ತಿದ್ದೂ ಎರಡು ಪ್ರಶ್ನೆ ಬಿಟ್ಟು ಬಂದೆ. ಆಮೇಲೆ ಪ್ರತಿ ಭಾನುವಾರ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಪೇಪರ್ ಬರೆದು ಅಭ್ಯಾಸ ಮಾಡಿದೆ.

ನಾಲ್ಕು ಗಂಟೆ ಅಲಾರಂ: "ಎಳೆಯೋ" ಅಂದ್ರಲ್ಲ ಮೇಡಂ, ನಿಮ್ಮ ಮನೆಯಲ್ಲಿ ಇನ್ನೊಂದು ಸಂಬಳ ಇತ್ತು ಅಲ್ವಾ? ನಮ್ಮಲ್ಲಿ ಇದ್ದದ್ದು ನನ್ನದೊಂದೇ. ಆ ಮಾತು ಮೊದಲು ಹೇಳಿ, ಆಮೇಲೆ ಕೆಲಸ ಬಿಡೋ ಬುದ್ಧಿ ಹೇಳಿ.

ಕೊನೇ ಬೆಂಚು: ಇತ್ತು, ನಿಜ. ನನ್ನ ಉಳಿತಾಯ ಪೂರ್ತಿ ಕರಗಿದ್ದೂ ನಿಜ. ವಾಪಸ್ ಕೆಲಸಕ್ಕೆ ಹೋದಾಗ ನಾನೇ ಕೆಲಸ ಕಲಿಸಿದ್ದ ಹುಡುಗಿ ನನ್ನ ಮೇಲಧಿಕಾರಿಯಾಗಿದ್ದಳು. ಕಷ್ಟ ನಿಮಗೊಬ್ಬರಿಗೇ ಅಲ್ಲ.

ಮೂರನೇ ಸೆಮಿಸ್ಟರ್: ನಾನು ಅರ್ಧಕ್ಕೆ ಬಿಟ್ಟವನು. ಮನೆಯವರ ಸಪೋರ್ಟ್ ಇದ್ದರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ಸಪೋರ್ಟ್ ಅಂದ್ರೆ ಏನು ಗೊತ್ತಾ? ಮಕ್ಕಳ ಹೋಂವರ್ಕ್, ನಮ್ಮಪ್ಪನ ಆಸ್ಪತ್ರೆ ಓಡಾಟ, ಎಲ್ಲವನ್ನೂ 14 ತಿಂಗಳು ನನ್ನ ಹೆಂಡತಿ ಒಬ್ಬಳೇ ಹೊತ್ತಳು. ಕೊನೆಗೆ ಬೆನ್ನು ನೋವಿನಿಂದ ಹಾಸಿಗೆ ಹಿಡಿದಳು. ಮಾರನೇ ದಿನವೇ ಬಿಟ್ಟೆ. ಬಿಟ್ಟಿದ್ದಕ್ಕೆ ಬೇಸರ ಇಲ್ಲ, ಬಿಟ್ಟ ರೀತಿಗೆ ಇದೆ. ಸುಮ್ನೆ ಹೋಗೋದು ನಿಲ್ಲಿಸಿದೆ. ಅರ್ಜಿ ಕೊಟ್ಟು ಒಂದು ವರ್ಷ ವಿರಾಮ ತಗೊಳ್ಳಬಹುದಿತ್ತು ಅಂತ ಆಮೇಲೆ ಗೊತ್ತಾಯಿತು. ಈಗ ಅಂಕಪಟ್ಟಿಯಲ್ಲಿ ನಾಲ್ಕು ಕಡೆ ಗೈರುಹಾಜರಿ. ಹಳೇ ಎರಡು ವರ್ಷದ ವಿಷಯದಲ್ಲಿ ಬಾಯಿಮಾತು ನಂಬಬೇಡಿ, ಬರೆದುಕೊಡಿ ಅಂತ ಕೇಳಿ. ನನಗೆ ಎಂಟು ಪೇಪರ್ ವಿನಾಯಿತಿ ಅಂದಿದ್ದರು, ಕೊಟ್ಟಿದ್ದು ಮೂರು.

ಹಳೇ ತಲೆ: ನಿಜ ಯಾರೂ ಹೇಳ್ತಿಲ್ಲ. 35 ದಾಟಿದ ಮೇಲೆ ಓದಿದ್ದು ತಲೆಯಲ್ಲಿ ನಿಲ್ಲಲ್ಲ. ರಾತ್ರಿ ಓದಿದ್ದು ಬೆಳಿಗ್ಗೆ ಖಾಲಿ.

ಕೊನೇ ಬೆಂಚು: ವಯಸ್ಸಿನ ಮೇಲೆ ಹಾಕಬೇಡಿ ಸರ್. ನಾನು ಓದಿದ್ದೇ ಮನಶ್ಶಾಸ್ತ್ರ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತಮ್ಮ ಮರೆವನ್ನೇ ಅಳೆದರು. 1885ರಲ್ಲಿ ಪುಸ್ತಕ ಬಂತು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮರೆತುಹೋಗಿತ್ತು. ಆ ಪ್ರಯೋಗ ಮಾಡುವಾಗ ಅವರಿಗೆ 35 ತುಂಬಿರಲೇ ಇಲ್ಲ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿರಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ.

ಹಳೇ ತಲೆ: ಬರೆಯೋಕೆ ಹೊತ್ತೆಲ್ಲಿದೆ? ನಿಮಗೆ ಇಡೀ ದಿನ ಇತ್ತು.

ಮಗಳು: ಇಲ್ಲಿ ಓದಿದವರೇ ಮಾತಾಡ್ತಿದ್ದೀರಿ. ಓದುತ್ತಿದ್ದ ಅಮ್ಮನ ಮಗಳು ನಾನು. ಆಗ ನನಗೂ ಒಂಬತ್ತು. ಓದಲು ಕೂತಾಗ ಅಮ್ಮ ಬಾಗಿಲಿಗೆ ಕೆಂಪು ಕಾಗದ ಅಂಟಿಸುತ್ತಿದ್ದರು. ಅದು ಇದ್ದರೆ ತಟ್ಟುವಂತಿಲ್ಲ. ಒಂದು ಸಲ ಬೆರಳು ಕೊಯ್ದುಕೊಂಡು, ಲಂಗದ ಅಂಚು ಸುತ್ತಿಕೊಂಡು, ಆ ಕಾಗದ ತೆಗೆಯೋವರೆಗೂ ಬಾಗಿಲ ಹೊರಗೇ ಕೂತಿದ್ದೆ. ಅಮ್ಮ ಪಾಸಾದಾಗ ಎಲ್ಲರೂ ಹೊಗಳಿದರು. ನನಗೂ ಹೆಮ್ಮೆ ಇದೆ. ಆ ಕಾಗದವೂ ನೆನಪಿದೆ.

ನಾಲ್ಕು ಗಂಟೆ ಅಲಾರಂ: ನನ್ನ ಮಗನಿಗೆ ಈಗ 19. ಆ ಆರು ವರ್ಷ ಅವನಿಗೆ ಹೇಗಿತ್ತು ಅಂತ ಒಂದು ಸಲವೂ ಕೇಳಿಲ್ಲ. ಇವತ್ತು ರಾತ್ರಿ ಕೇಳ್ತೀನಿ.