ನಡುಮನೆಗೆ ಆರಡಿ ಬೋರ್ಡು, ಹಳೇ ಅಟ್ಟದ ಹಲಗೆಯ ಚೌಕಟ್ಟು: ನಮ್ಮ ಮಳೆಗೆ ತಡೆಯುತ್ತಾ?

ಅಡಿಕೆಮನೆ ಸೊಸೆ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ಹೊಸ ಬಚ್ಚಲು ಮನೆ ಕಟ್ಟಿಸಲು ಹಳೇದನ್ನು ಬಿಚ್ಚಿಸಿದೆವು. ಅಟ್ಟದ ಹಲಗೆ ಒಂದು ರಾಶಿ ಉಳಿದಿವೆ. ಹಲಸೇ ಜಾಸ್ತಿ, ನಡುನಡುವೆ ಮತ್ತಿ ಮರದ್ದು. ನಾಲ್ಕೈದು ಇಂಚು ಅಗಲ, ದಪ್ಪ ಇಂಚಿಗೆ ಸ್ವಲ್ಪ ಮೇಲೆ. ಹಂಡೆ ಒಲೆಯ ಹೊಗೆ ಕುಡಿದು ಕುಡಿದು ಕರ್ರಗೆ ಮಿರಮಿರ ಅನ್ನುತ್ತಿವೆ. ನಮ್ಮವರು ಇದನ್ನೂ ಒಲೆಗೇ ಹಾಕೋಣ ಅಂದರು. ನಾನು ಬಿಡಲಿಲ್ಲ.

ನನಗೊಂದು ದೊಡ್ಡ ಕರಿಹಲಗೆ ಬೇಕು. ಆರಡಿ ಉದ್ದ, ನಾಲ್ಕಡಿ ಎತ್ತರ, ಸುತ್ತ ಈ ಹಲಗೆಯದೇ ಚೌಕಟ್ಟು. ಬರೀ ಚೆಂದಕ್ಕೆ ಅಲ್ಲ. ಈಗ ನಮ್ಮ ಮನೆ ಲೆಕ್ಕ ಮೂರು ಕಡೆ ಇದೆ. ಮಾವ ಕ್ಯಾಲೆಂಡರಿನ ಅಂಚಿನಲ್ಲಿ ಬರೆಯುತ್ತಾರೆ, ನಾನು ಫೋನಿನಲ್ಲಿ, ನಮ್ಮವರು ತಲೆಯಲ್ಲಿ. ಯಾರು ಎಷ್ಟು ದಿನ ಕೆಲಸಕ್ಕೆ ಬಂದರು, ತೋಟದ ಯಾವ ತುಂಡಿಗೆ ಬೋರ್ಡೋ (ಅಡಿಕೆಯ ಕೊಳೆ ರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದಾಯಿತು, ಮುಂದಿನ ಸುತ್ತು ಯಾವಾಗ... ಮೂರೂ ತಾಳೆ ಆಗುವುದಿಲ್ಲ. ಕೊಳೆ ಔಷಧಿ ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಲೇಬೇಕಲ್ಲ. ಅಲ್ಲಿ ದಿನ ತಪ್ಪಿದರೆ ಮರದ ಬುಡದಲ್ಲಿ ಅಡಿಕೆ ಹೆಕ್ಕುತ್ತಾ ಕೂರಬೇಕು. ಎಲ್ಲರ ಕಣ್ಣಿಗೂ ಬೀಳುವ ಹಾಗೆ ನಡುಮನೆಯಲ್ಲಿ ಬರೆದಿಟ್ಟರೆ ಜಗಳ ಕಡಿಮೆ.

ಗೋಡೆ ಜಂಬಿಟ್ಟಿಗೆಯದು, ಮಣ್ಣಿನಲ್ಲಿ ಕಟ್ಟಿದ್ದು, ಮೇಲೆ ಸುಣ್ಣ. ಆಷಾಢ ಬಂತೆಂದರೆ ಕೆಳಗಿನ ಒಂದೆರಡು ಅಡಿ ಜಿನುಗುತ್ತದೆ. ಅಂಗಡಿಯವರು ಎಂಡಿಎಫ್ ತಗೊಳ್ಳಿ, ನುಣ್ಣಗಿರುತ್ತೆ, ರೇಟೂ ಕಡಿಮೆ ಅಂತಾರೆ. ಏನು ಮಾಡಲಿ? ಕೊಯ್ಲು ಮುಗಿದು ಅಂಗಳ ಖಾಲಿ ಇದೆ. ಯುಗಾದಿಯೊಳಗೆ ಮುಗಿಸುವ ಆಸೆ.

ಉಳಿ-ಕೀಸುಳಿ (ಸಾಗರ)

ಎಂಡಿಎಫ್ ಬೇಡವೇ ಬೇಡ ಅಕ್ಕ. ಅದು ಮರದ ಹಿಟ್ಟಿಗೆ ಅಂಟು ಸೇರಿಸಿ ಒತ್ತಿದ್ದು. ಬಯಲುಸೀಮೆಯಲ್ಲಿ ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಅದರ ಅರ್ಧ ಬಿದ್ದರೂ ನಿಮ್ಮ ನಡುಮನೆ ಗಾಳಿ ಒದ್ದೆಯೇ. ಅಂಚಿನಿಂದ ತೇವ ಎಳೆದುಕೊಂಡು ಎಂಡಿಎಫ್ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತದೆ. ಒಣಗಿದ ಮೇಲೂ ಇಳಿಯುವುದಿಲ್ಲ.

12 ಮಿಮೀ ಪ್ಲೈವುಡ್ ತಗೊಳ್ಳಿ. 8×4 ಅಡಿ ಶೀಟಿನಲ್ಲಿ ಎರಡಡಿ ಕತ್ತರಿಸಿದರೆ ನಿಮ್ಮ ಅಳತೆ. ಶೀಟಿನ ಮೇಲೆ ಐಎಸ್ 710 ಅಂತ ಮುದ್ರೆ ಇರಲಿ. ಅದು ಮರೈನ್ ದರ್ಜೆ, 72 ಗಂಟೆ ನೀರಲ್ಲಿ ಕುದಿಸಿದರೂ ಅಂಟು ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕಿದೆ. ರೇಟ್ ಜಾಸ್ತಿ ಅನ್ನಿಸಿದರೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ದರ್ಜೆ) ಆದರೂ ಆದೀತು. ಅದೇ 303ರಲ್ಲಿ ಎಂಆರ್ (ಬರೀ ತೇವ ತಡೆಯುವ ದರ್ಜೆ) ಅಂತ ಇನ್ನೊಂದು ಬರುತ್ತದೆ, ಕಮರ್ಷಿಯಲ್ ಅಂತ ಕೊಡುವುದು ಅದನ್ನೇ, ಅದು ಬೇಡ. ಕಣ್ಣಾರೆ ಓದಿ ತಗೊಳ್ಳಿ.

ಇನ್ನು ಮುಖ್ಯ ವಿಷಯ. ಎಲ್ಲರೂ ಬೋರ್ಡಿನ ಮುಖ ನೋಡುತ್ತಾರೆ, ಬೆನ್ನು ನೋಡಲ್ಲ. ಮುಂದೆ ಮೂರು ಕೋಟ್ ಹೊಡೆದು ಹಿಂದೆ ಬರೀ ಪ್ಲೈ ಬಿಡುತ್ತಾರೆ. ಮುಂದಿನಿಂದ ತೇವ ಹೋಗಲ್ಲ, ಹಿಂದಿನಿಂದ ಕುಡಿಯುತ್ತದೆ. ಶ್ರಾವಣದ ಹೊತ್ತಿಗೆ ಬೋರ್ಡು ಡೊಂಕಾಗಿ ನಿಂತಿರುತ್ತದೆ. ಮುಂದೆ ಎಷ್ಟು ಕೋಟೋ ಹಿಂದೆಯೂ ಅಷ್ಟೇ. ಹಿಂದುಗಡೆಗೆ ಮನೆಯಲ್ಲಿ ಉಳಿದ ಯಾವ ಎನಾಮೆಲ್ ಆದರೂ ಸಾಕು, ಬಣ್ಣ ಯಾರೂ ನೋಡಲ್ಲ. ನಾಲ್ಕು ಅಂಚಿಗೆ ಇನ್ನೂ ಒಂದು ಕೈ ಜಾಸ್ತಿ ಬೀಳಲಿ.

ಹಲಗೆಗೆ ಕೀಸುಳಿ ಹಾಕಿಸಬೇಡಿ. ಆಚಾರ್ರು ಬಂದ ತಕ್ಷಣ ಅದನ್ನೇ ಮಾಡಲು ಹೋಗುತ್ತಾರೆ, ಅವರ ಕೈ ಸುಮ್ನಿರಲ್ಲ. ಒಂದು ಪದರ ಕಿತ್ತರೆ ಹಲಸಿನ ಹಳದಿ ಎದ್ದು ಬರುತ್ತದೆ, ನಿಮ್ಮ ಹೊಗೆಯ ಕಪ್ಪು ಹೋಯಿತು. ಮೊದಲು ಮೊಳೆ ಕೀಳಿ. ಒಳಗೇ ಮುರಿದು ಕೂತವು ಕಾಣುವುದಿಲ್ಲ, ಹಳೇ ಸ್ಪೀಕರಿನ ಅಯಸ್ಕಾಂತ ಮೇಲೆ ಆಡಿಸಿದರೆ ಹಿಡಿಯುತ್ತದೆ. ಆಮೇಲೆ ತಂತಿ ಬ್ರಷ್ಷಿನಲ್ಲಿ ನಾರಿನ ಉದ್ದಕ್ಕೆ ಉಜ್ಜಿ, ವಾಷಿಂಗ್ ಸೋಡಾ ನೀರಿನಲ್ಲಿ ಒರೆಸಿ, ಚೆನ್ನಾಗಿ ಬಿಸಿಲು ಕಾಣಿಸಿ. ಬಿಳಿ ಬಟ್ಟೆಗೆ ಮಸಿ ಹತ್ತುವುದು ನಿಂತರೆ ಆಯಿತು. ಸಣ್ಣ ತೂತಿನಿಂದ ಹಿಟ್ಟು ಉದುರುವ ಹಲಗೆ ಇದ್ದರೆ ಒಳಗೆ ಕುಟ್ಟೆ ಹುಳ ಇದೆ ಅಂತ. ಅದು ಒಲೆಗೇ ಹೋಗಲಿ, ನಿಮ್ಮವರಿಗೂ ಸಮಾಧಾನ.

ಮೇಲೆ ತೆಳ್ಳಗೆ ಅಗಸೆ ಎಣ್ಣೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ತಮಾಷೆ ಅಲ್ಲ. ಹರಡಿ ಒಣಗಿಸಿ. ಗೇರೆಣ್ಣೆ ಹಚ್ಚಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮಾಡಿನ ರೀಪು, ಪಕಾಸಿಗೆ ಸರಿ. ಮಕ್ಕಳು ಕೈ ಇಡುವ ಕಡೆ ಬೇಡ, ಹಸಿ ಇದ್ದಾಗ ತಾಗಿದರೆ ಬೊಬ್ಬೆ ಏಳುತ್ತದೆ.

ಚೌಕಟ್ಟಿನ ಮೂಲೆ ಓರೆ ಕತ್ತರಿಸಿ ಕೂಡಿಸುವುದು ಬೇಡ. ಮರ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೇ ಇಲ್ಲ ಅನ್ನಬಹುದು. ಓರೆ ಮೂಲೆ ಒಂದೇ ವರ್ಷದಲ್ಲಿ ಬಾಯಿ ಬಿಡುತ್ತದೆ. ಮೇಲೆ ಕೆಳಗೆ ಉದ್ದ ಹಲಗೆ, ಅವುಗಳ ನಡುವೆ ಪಕ್ಕದ ಎರಡು ಹಲಗೆ ನೇರವಾಗಿ ಕೂರಿಸಿ. ಪ್ಲೈ ಮುಖದ ಮೇಲೆ ಎರಡಿಂಚು ಹತ್ತಿಸಿ ಹಿಂದಿನಿಂದ ಸ್ಕ್ರೂ ಹಾಕಿ. ಅಂಟು ಬೇಡ. ಪ್ಲೈಯ ತೂತು ಸ್ಕ್ರೂಗಿಂತ ಕೊಂಚ ದೊಡ್ಡದಿರಲಿ, ಮರ ಆಡಲು ಜಾಗ ಬೇಕು. ಸ್ಕ್ರೂ 30 ಮಿಮೀ ಸಾಕು, ತೀರಾ ಉದ್ದವಾದರೆ ಮುಂದೆ ಮೂತಿ ಹಾಕುತ್ತದೆ. ಚೌಕಟ್ಟು ಯಾವಾಗಲೂ ಪೇಂಟ್ ಒಣಗಿದ ಮೇಲೆ.

ಬಣ್ಣದ ಡಬ್ಬಿ (ಶಿವಮೊಗ್ಗ)

ಪೇಂಟ್ ಬಗ್ಗೆ ಎರಡು ಮಾತು. ಮಾಮೂಲಿ ಕಪ್ಪು ಎನಾಮೆಲ್ ಹೊಡೆದರೆ ಸೀಮೆಸುಣ್ಣ ಜಾರುತ್ತದೆ, ಬರೆಯಲು ಆಗಲ್ಲ. ಬ್ಲಾಕ್‌ಬೋರ್ಡ್ ಪೇಂಟ್ ಅಂತಲೇ ಕೇಳಿ. ಸಿಗದಿದ್ದರೆ ಮನೆಯಲ್ಲೇ ಮಾಡಿ: ಹೊಳಪಿಲ್ಲದ ಕಪ್ಪು ಅಕ್ರಿಲಿಕ್ ಪೇಂಟ್ ಒಂದು ಕಪ್, ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿ ಎರಡು ದೊಡ್ಡ ಚಮಚ. ಮರಳಿಲ್ಲದ ನುಣ್ಣನೆ ಗ್ರೌಟೇ ಆಗಬೇಕು. ಗಂಟು ಉಳಿಯದ ಹಾಗೆ ಕಲಸಿ, ಆ ಕೋಟಿಗೆ ಬೇಕಾದಷ್ಟೇ. ಇಟ್ಟರೆ ಗಟ್ಟಿಯಾಗುತ್ತದೆ.

ಮೊದಲು ವುಡ್ ಪ್ರೈಮರ್, ಒಣಗಿದ ಮೇಲೆ 220 ನಂಬರ್ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ. ಬ್ರಷ್ ಬೇಡ, ಸ್ಪಂಜಿನ ರೋಲರ್ ಹಿಡಿಯಿರಿ. ಬ್ರಷ್ಷಿನ ಗೆರೆಯೊಳಗೆ ಸುಣ್ಣ ಕೂತರೆ ಒರೆಸಲು ಬರಲ್ಲ. ಒಂದು ಕೋಟ್ ಅಡ್ಡ, ಮುಂದಿನದು ಉದ್ದ. ಕೊನೆ ಕೋಟ್ ಆಗಿ ಮೂರು ದಿನ ಮುಟ್ಟಬೇಡಿ. ಆಮೇಲೆ ಒಂದು ಸೀಮೆಸುಣ್ಣ ಮಲಗಿಸಿ ಇಡೀ ಬೋರ್ಡಿಗೆ ಉಜ್ಜಿ ಒಣ ಬಟ್ಟೆಯಲ್ಲಿ ಒರೆಸಿ. ಇದನ್ನು ಬಿಟ್ಟರೆ ನೀವು ಮೊದಲು ಬರೆದ ಅಕ್ಷರ ಅಳಿಸಿದರೂ ನೆರಳಾಗಿ ಉಳಿಯುತ್ತದೆ.

ಮಾಜಿ ಮೇಷ್ಟ್ರು (ತೀರ್ಥಹಳ್ಳಿ ತಾಲೂಕು)

ನಮ್ಮ ಕಾಲದಲ್ಲಿ ಗ್ರೌಟೂ ಇಲ್ಲ, ರೋಲರೂ ಇಲ್ಲ. ಶನಿವಾರ ಮಕ್ಕಳು ಮನೆಯಿಂದ ಇದ್ದಿಲು ತರುತ್ತಿದ್ದರು, ಶಾಲೆ ಬೇಲಿಯ ತೊಂಡೆ ಸೊಪ್ಪು ಕೊಯ್ದು ಎರಡನ್ನೂ ಅರೆದು ಬೋರ್ಡಿಗೆ ತಿಕ್ಕುತ್ತಿದ್ದೆವು. ಸೋಮವಾರಕ್ಕೆ ಹೊಸ ಬೋರ್ಡು. ಕೈ ಮಾತ್ರ ಬುಧವಾರದ ತನಕ ಹಸಿರು ಕಪ್ಪು. ಹಳೇ ಬ್ಯಾಟರಿ ಒಡೆದು ಆ ಕಪ್ಪು ಪುಡಿ ಬಳಿಯುವವರೂ ಇದ್ದರು. ಅದು ಮ್ಯಾಂಗನೀಸ್, ಮೈಗೆ ಒಳ್ಳೆಯದಲ್ಲ, ಮನೆಯಲ್ಲಿ ಖಂಡಿತ ಬೇಡ.

ಸೊಸೆಯವರಿಗೆ ಒಂದು ಮಾತು. ಮಕ್ಕಳ ಸ್ಲೇಟಿನ ಬಳಪ ಈ ಬೋರ್ಡಿನ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ. ಅದು ಗಟ್ಟಿ, ಪೇಂಟ್ ಗೀರುತ್ತದೆ. ಅಗ್ಗದ ಚಾಕ್‌ಪೀಸ್ ಸಾಮಾನ್ಯವಾಗಿ ಜಿಪ್ಸಮ್‌ನದು, ಮೆತ್ತಗೆ ಬರೆಯುತ್ತದೆ, ಆದರೆ ಧೂಳು ಊಟದ ತಟ್ಟೆಯ ತನಕ ಹಾರುತ್ತದೆ. ಡಸ್ಟ್‌ಲೆಸ್ ಅಂತ ಬರುವುದು ಕ್ಯಾಲ್ಸಿಯಂ ಕಾರ್ಬೋನೇಟ್. ಪುಡಿ ಭಾರ, ನೇರ ಕೆಳಗೆ ಬೀಳುತ್ತದೆ. ನಡುಮನೆಗೆ ಅದೇ ಸರಿ. ಮಳೆಗಾಲದಲ್ಲಿ ಡಬ್ಬಿಯಲ್ಲಿ ಮುಚ್ಚಿಡಿ, ತೇವ ಹಿಡಿದ ಸುಣ್ಣ ಬರೆಯುವುದಿಲ್ಲ.

ಭದ್ರೆ ಬಸ್ಸು (ಭದ್ರಾವತಿ)

ಇಷ್ಟೆಲ್ಲ ತಲೆನೋವು ಯಾಕೆ? ಒಂದು ಕಡಪಾ ಕಲ್ಲು ತಂದು ನಿಲ್ಲಿಸಿ. ಕಪ್ಪಗಿದೆ, ಗೆದ್ದಲು ತಿನ್ನಲ್ಲ, ಬಾಗಲ್ಲ.

ಉಳಿ-ಕೀಸುಳಿ

ಆರಡಿ ನಾಲ್ಕಡಿಯ 20 ಮಿಮೀ ಕಡಪಾ ಸುಮಾರು 120 ಕೆಜಿ ಬರುತ್ತದೆ ಅಣ್ಣ. ಎತ್ತಲು ನೀವು ಬರ್ತೀರಾ?

ಅಡಿಕೆಮನೆ ಸೊಸೆ

ಕಲ್ಲು ಬೇಡ, ಮಾವನವರಿಗೆ ತೋರಿಸಿದರೆ ನಾಳೆಯೇ ತರಿಸಿಬಿಡುತ್ತಾರೆ! ಪ್ಲೈ ಅಂತ ಗಟ್ಟಿ ಮಾಡಿದೆ. ಆದರೆ ನೇತು ಹಾಕುವುದು ಹೇಗೆ? ಈ ಗೋಡೆಯಲ್ಲಿ ಕ್ಯಾಲೆಂಡರಿನ ಮೊಳೆಯೇ ಮಣ್ಣಿನ ಸಮೇತ ಕೈಗೆ ಬರುತ್ತದೆ. ಇನ್ನೊಂದು, ನಮ್ಮ ನಡುಮನೆ ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಉಳಿ-ಕೀಸುಳಿ

ನೇತು ಹಾಕಲೇಬೇಡಿ. ಚೌಕಟ್ಟು ಸೇರಿ 30 ಕೆಜಿ ಹತ್ತಿರ ಆಗುತ್ತದೆ, ಮಣ್ಣಿನ ಗೋಡೆ ಅದನ್ನು ಹೊರುವುದು ಬೇಡ. ಮತ್ತಿಯ ಎರಡು ಹಲಗೆಯನ್ನು ನೆಲದಿಂದ ಗೋಡೆಗುಂಟ ನೆಟ್ಟಗೆ ನಿಲ್ಲಿಸಿ, ಬೋರ್ಡನ್ನು ಅದಕ್ಕೆ ಬಿಗಿಯಿರಿ. ಭಾರ ಎಲ್ಲ ನೆಲಕ್ಕೆ ಹೋಯಿತು. ಗೋಡೆಯ ಕೆಲಸ ಮುಂದಕ್ಕೆ ಬೀಳದಂತೆ ಹಿಡಿಯುವುದು ಮಾತ್ರ. ಅದಕ್ಕೆ ಮೇಲ್ತುದಿಯಲ್ಲಿ ಒಂದೊಂದು ಉದ್ದ ಸ್ಕ್ರೂ ಸಾಕು. ತೂತು ಕಲ್ಲಿನ ಮೈಯಲ್ಲಿ ಬೀಳಬೇಕು, ಸಂದಿಯ ಮಣ್ಣಿನಲ್ಲಿ ಅಲ್ಲ. ಡ್ರಿಲ್ಲಿನಿಂದ ಕೆಂಪು ಪುಡಿ ಗಟ್ಟಿಯಾಗಿ ಬಂದರೆ ಕಲ್ಲು, ಬಿಟ್ ಸುಮ್ನೆ ಒಳಗೆ ಹೋದರೆ ಸಂದಿ. ಮುಚ್ಚಿ, ನಾಲ್ಕಿಂಚು ಪಕ್ಕಕ್ಕೆ ಹೋಗಿ.

ಹಾಗೆ ಮಾಡಿದರೆ ಬೋರ್ಡಿನ ಬೆನ್ನಿಗೂ ಗೋಡೆಗೂ ನಡುವೆ ಒಂದಿಂಚು ಸಂದಿ ಉಳಿಯುತ್ತದೆ, ಗಾಳಿ ಆಡುತ್ತದೆ. ಗೋಡೆ ಜಿನುಗಿದರೂ ಬೋರ್ಡಿಗೆ ತಾಗಲ್ಲ. ನಿಲ್ಲಿಸಿದ ಹಲಗೆಯ ಬುಡಕ್ಕೆ ಒಂದೊಂದು ಟೈಲ್ಸ್ ಚೂರು ಇಡಿ. ಒರಲೆ (ಗೆದ್ದಲು) ಹತ್ತಿದರೆ ಮಣ್ಣಿನ ದಾರಿ ಕಾಣುತ್ತದೆ, ಕಸ ಗುಡಿಸುವಾಗ ಒಂದು ಕಣ್ಣು ಹಾಕಿ.

ಬಾಗಿಲಿಗೆ ಬರೀ ಪ್ಲೈ ಅಡ್ಡ ಮಲಗಿಸಿ ಹಿಡಿದರೆ ಎತ್ತರ ನಾಲ್ಕೇ ಅಡಿ, ಬಂದುಬಿಡುತ್ತದೆ. ಕಷ್ಟ ಇರುವುದು ಒಳಗೆ ತಿರುಗಿಸುವುದರಲ್ಲಿ. ಆದ್ದರಿಂದ ಪೇಂಟ್ ಅಂಗಳದಲ್ಲಿ ಆಗಲಿ, ಚೌಕಟ್ಟು ನಡುಮನೆಯ ಒಳಗೇ ಜೋಡಿಸಿ. ಕೆಳಗಿನ ಹಲಗೆಯ ಮೇಲೆ ಸುಣ್ಣ ಇಡಲು ಸಣ್ಣ ಪಟ್ಟಿ ಹೊಡೆಯುವುದಾದರೆ ಎರಡು ತುದಿ ತೆರೆದಿರಲಿ, ಧೂಳು ಬಟ್ಟೆಯಲ್ಲಿ ಹೊರಗೆ ಎಳೆಯಬಹುದು.

ಅಡಿಕೆಮನೆ ಸೊಸೆ

ಇದು ತಲೆಗೆ ಹೋಯಿತು. ಶೀಟ್ ಶಿವಮೊಗ್ಗದಿಂದಲೇ ತರಿಸಬೇಕು. ಅಲ್ಲೇ ಕತ್ತರಿಸಿ ಕೊಡ್ತಾರಾ?

ಬಣ್ಣದ ಡಬ್ಬಿ

ದೊಡ್ಡ ಪ್ಲೈ ಅಂಗಡಿಗಳಲ್ಲಿ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ಅಂಚು ಒಮ್ಮೆ ನೋಡಿ, ಪದರದ ನಡುವೆ ಟೊಳ್ಳು ಕಂಡರೆ ಬೇರೆ ಶೀಟ್ ಕೇಳಿ. ಉಳಿದ ಎರಡಡಿ ತುಂಡನ್ನೂ ಬಿಟ್ಟು ಬರಬೇಡಿ, ದುಡ್ಡು ಕೊಟ್ಟಿರುತ್ತೀರಿ.