ಮೆಂತ್ಯದ ಡಬ್ಬ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಮಗನಿಗೆ ಡಾಕ್ಟರು ಡಿಪ್ರೆಶನ್ ಅಂದಿದ್ದಾರೆ, ಅವನ ಅಪ್ಪನಿಗೆ, ಅಜ್ಜಿಗೆ ಗೊತ್ತಾಗದ ಹಾಗೆ ಮಾತ್ರೆ ಕೊಡಲಾ ಅಂತ ಕೇಳಿದ್ದೀಯ. ಬೇಡ ಕಣೇ. ಮುಚ್ಚಿಟ್ಟು ಮಾತ್ರೆ ಕೊಡಬೇಡ.

ನನ್ನ ಕಥೆ ನಿಮಗೆಲ್ಲ ಅರ್ಧ ಗೊತ್ತು. ಎರಡನೇ ಬಾಣಂತನದಲ್ಲಿ ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅನ್ನುತ್ತಿದ್ದೆನಲ್ಲ, ಅದು ಗ್ಯಾಸ್ಟ್ರಿಕ್ ಅಲ್ಲ. ಮಗು ಅತ್ತರೂ ಏಳಬೇಕು ಅನ್ನಿಸುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ತುಂಬ ಹರಿದರೂ ಸುಮ್ನೆ ನೋಡುತ್ತಾ ನಿಂತಿರುತ್ತಿದ್ದೆ. ನಿಮ್ಮ ದೊಡ್ಡಪ್ಪ ದಾವಣಗೆರೆಗೆ ಕರೆದುಕೊಂಡು ಹೋಗಿ ತೋರಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲೇ ಹೇಳಿದರು, ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತ. ಮಾತ್ರೆ ಶೀಟನ್ನು ಮೆಂತ್ಯದ ಡಬ್ಬದಲ್ಲಿ ಹೂತಿಟ್ಟೆ. ಮೆಂತ್ಯಕ್ಕೆ ಯಾರು ಕೈ ಹಾಕುತ್ತಾರೆ ಹೇಳು? ನಮ್ಮತ್ತೆ ಹಾಕಿದರು. ದೋಸೆಗೆ ನೆನೆಸೋಕೆ ಅಂತ. ಇದು ಯಾರದು ಅಂದರು. ನಾನು ಗೊತ್ತಿಲ್ಲ ಅಂದುಬಿಟ್ಟೆ! ಹಿತ್ತಲಿಗೆ ಎಸೆದರು. ಅವತ್ತಿಗೆ ಮಾತ್ರೆ ನಿಂತಿತು. ಕೇಳೋ ಹಾಗೂ ಇಲ್ಲ, ಮತ್ತೆ ತರಿಸೋ ಹಾಗೂ ಇಲ್ಲ. ತಿಂಗಳೊಳಗೆ ಮೊದಲಿಗಿಂತ ಜಾಸ್ತಿ ಆಯಿತು. ಮಗೂನ ನಿಮ್ಮಮ್ಮ ಎತ್ತಿಕೊಂಡು ಹೋಗಿ ಆರು ತಿಂಗಳು ಸಾಕಿದಳು.

ಆ ದೀಪಿಕಾ ಪಡುಕೋಣೆ ನೋಡು. ಬೆಂಗಳೂರಲ್ಲಿ ಬೆಳೆದ ಹುಡುಗಿ, ಬ್ಯಾಡ್ಮಿಂಟನ್ ಪ್ರಕಾಶ್ ಪಡುಕೋಣೆ ಮಗಳು. 2014ರಲ್ಲಿ ಕೈತುಂಬ ಸಿನಿಮಾ ಇದ್ದಾಗಲೇ ಹೀಗಾಯಿತು. ಮುಂಬೈಗೆ ಬಂದಿದ್ದ ಅಪ್ಪ ಅಮ್ಮ ಹೊರಟು ನಿಂತಾಗ ಅಳು ತಡೆಯಲಾಗಲಿಲ್ಲವಂತೆ. ಅಮ್ಮನೇ ಗುರುತು ಹಿಡಿದದ್ದು. 2015ರಲ್ಲಿ ಟೀವಿಯಲ್ಲಿ ಕೂತು ಎಲ್ಲ ಹೇಳಿದಳಲ್ಲ, ಅಮ್ಮನೂ ಜೊತೆಗಿದ್ದರು. ನನ್ನ ಕಣ್ಣೆಲ್ಲ ಆ ಅಮ್ಮನ ಮೇಲೇ. ಆಮೇಲೆ ಲಿವ್ ಲವ್ ಲಾಫ್ ಅಂತ ಸಂಸ್ಥೆ ಕಟ್ಟಿದಳು, ಅದು ನಮ್ಮ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲೂ ಕೆಲಸ ಮಾಡಿತು. ದುಡ್ಡಿದ್ದವರು ಏನು ಹೇಳಿಕೊಂಡರೂ ನಡೆಯುತ್ತೆ ಅಂತಾನೆ ನಿಮ್ಮ ಮಾವ. ಇರಬಹುದು. ಆದರೂ ಆಗಿನ್ನೂ ಮದುವೆಯಾಗದ ಹುಡುಗಿ, ಹೀರೋಯಿನ್ ಬೇರೆ. ಎದೆಗಾರಿಕೆ ಬೇಡವಾ?

ನನಗೆ ಮೊಣಕಾಲು ಆಪರೇಷನ್ ಆದಾಗ ನೀವೆಲ್ಲ ಎಳನೀರು, ಮೂಸಂಬಿ ಹಿಡಿದು ಸಾಲಾಗಿ ಬಂದಿರಿ. ಬಾಣಂತನದಲ್ಲಿ ಹಾಗಾದಾಗ ಯಾರು ಬಂದಿರಿ? ಬರೋದಿರಲಿ, ಚಿಕ್ಕವಳ ಮದುವೆಯಲ್ಲಿ ಆರತಿ ತಟ್ಟೆಯನ್ನೇ ನನ್ನ ಕೈಯಿಂದ ಕಿತ್ತುಕೊಂಡರು. ಅಕ್ಕನಿಗೆ ತಲೆ ಸರಿಯಿಲ್ಲ, ಬೀಳಿಸಿಬಿಡುತ್ತಾಳೆ ಅಂತ. ಯಾರು ಅಂತ ಹೇಳಲ್ಲ, ಈ ಗ್ರೂಪಲ್ಲೇ ಇದ್ದಾರೆ. ಆಲ್ಬಮ್ಮಿನಲ್ಲಿ ನೀಲಿ ಸೀರೆ.

ಅದಕ್ಕೇ ಹೇಳಿದ್ದು, ಮುಚ್ಚಿಟ್ಟು ಮಾತ್ರೆ ಕೊಡಬೇಡ. ಊರಿಗೆಲ್ಲ ಡಂಗುರ ಹೊಡೆಸು ಅನ್ನುತ್ತಿಲ್ಲ. ಮಗನನ್ನು ಒಂದು ಮಾತು ಕೇಳಿ, ಮನೆಯವರಿಗೆ ಹೇಳು.

ಅಯ್ಯೋ, ಹೇಳಬೇಕಾದ್ದೇ ಮರೆತೆ. 14416 ಬರೆದುಕೋ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಇದೆ. ರಾತ್ರಿ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹುಷಾರಾದ ಅನ್ನಿಸಿದರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡ. ಸಾಯೋ ಮಾತು ಏನಾದರೂ ಆಡಿದರೆ ಒಬ್ಬನನ್ನೇ ಬಿಡಬೇಡ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮಾತ್ರೆ ಶೀಟನ್ನು ಟೀವಿ ಪಕ್ಕ ಇಡು, ಅಜ್ಜಿಯ ಬಿಪಿ ಮಾತ್ರೆ ಜೊತೆಗೇ.